ಭಂಡಾರ ಹಚ್ಚಿದ ಪೆನ್‌ಡ್ರೈವ್

ಬನಹಟ್ಟಿಯ ಮುರಗೆಪ್ಪನ ಝೆರಾಕ್ಸ್ ಅಂಗಡಿಗೆ ಹೋದವರು ಮೊದಲು ಚಪ್ಪಲಿ ಬಿಡಬೇಕು, ಆಮೇಲೆ ಕೈ ಒರೆಸಿಕೊಳ್ಳಬೇಕು, ಆಮೇಲೆ ಗೋಡೆಗೆ ಅಂಟಿಸಿದ ಚೀಟಿ ಓದಬೇಕು. ‘ಕಂಪ್ಯೂಟರಿನೊಳಗೆ ಯಾರೂ ಏನೂ ಹಾಕಬಾರದು’ ಎಂದು ಚೀಟಿ ಹೇಳುತ್ತಿತ್ತು. ಓದು ಬಾರದವರಿಗೆ ಮುರಗೆಪ್ಪನೇ ಗಟ್ಟಿ ದನಿಯಲ್ಲಿ ಓದಿ ಹೇಳುತ್ತಿದ್ದ. ಅವನದೂ ತಪ್ಪಲ್ಲ ಬಿಡಿ. ಹಿಂದೊಮ್ಮೆ ಯಾವನೋ ಪುಣ್ಯಾತ್ಮ ಅದರಲ್ಲಿ ಆಟದ ಸಾಫ್ಟ್‌ವೇರ್ ಹಾಕಿ ಹೋದ. ಅದರ ಬೆನ್ನು ಹತ್ತಿ ವೈರಸ್ ಬಂತು. ಹೊಲದ ಉತಾರ ತೆಗೆಸಲು ಬಂದ ಹೆಣ್ಣುಮಕ್ಕಳ ಎದುರಿಗೇ ಪರದೆಯ ಮೇಲೆ ನೋಡಬಾರದ ಚಿತ್ರ ಕುಣಿಯಿತು. ದಿನಾ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಅಂಗಡಿ ತೆರೆಯುವ ಮನುಷ್ಯ, ಪಾಪ, ಒಂದು ವಾರ ಮಾರಿ ಎತ್ತಿ ತಿರುಗಾಡಲಿಲ್ಲ.

ಅಂಥವನ ಕಂಪ್ಯೂಟರಿನ ಮುಂದೆ ಕುಳಿತು ವಿಡಿಯೋ ಎಡಿಟಿಂಗ್ ಮಾಡುತ್ತೇನೆಂದು ರೇಷ್ಮಾ ಕೇಳಿದಾಗ, ಮುರಗೆಪ್ಪ ಗೋಡೆಯ ಚೀಟಿಯತ್ತ ಕೈ ತೋರಿಸಿದ್ದ.

“ಓದೇನ್ರಿ ಕಾಕಾ. ನಾ ಏನೂ ಹಾಕೂದಿಲ್ಲ. ಸಾಫ್ಟ್‌ವೇರ್ ಈ ಪೆನ್‌ಡ್ರೈವಿನಾಗ ಐತಿ. ಚುಚ್ಚತೇನಿ, ಇದರಾಗಿಂದನ ಓಡಸತೇನಿ, ಕೆಲಸಾ ಮುಗದ ಮ್ಯಾಲ ತಕ್ಕೊಂಡ ಹೊಕ್ಕೇನಿ. ನಿಮ್ಮ ಕಂಪ್ಯೂಟರಿಗೆ ಗೊತ್ತ ಸುದ್ದಾ ಆಗೂದಿಲ್ರಿ.”

“ಅಂದ್ರ ಬುತ್ತಿ ಕಟಗೊಂಡ ಬಂದಂಗ ಅನ್ನ.”

“ಹೌದ್ರಿ. ರೊಟ್ಟಿ ನಂದು, ಪಲ್ಯಾ ನಂದು. ನಿಮ್ಮ ಕಟ್ಟಿ ಮ್ಯಾಲ ಕುಂತ ಉಣ್ಣೂದಷ್ಟ.”

ಮುರಗೆಪ್ಪ ಗಡ್ಡ ಕೆರೆದುಕೊಂಡ. “ಉಂಡ ಮ್ಯಾಲ ಕಟ್ಟಿ ಒರಿಸಿ ಹೋಗಬೇಕ ನೋಡ ಮತ್ತ,” ಅಂದ. ಹಾಗೆ ಒಪ್ಪಿಗೆ ಸಿಕ್ಕಿತ್ತು.

ಆ ಪೆನ್‌ಡ್ರೈವನ್ನು ಕೊಟ್ಟವಳು ಮಧುಮತಿ, ರೇಷ್ಮಾಳ ಕಾಲೇಜಿನ ಗೆಳತಿ. ಈಗ ಜಮಖಂಡಿಯಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳದೆಯೇ ಓಡುವ ಎಡಿಟಿಂಗ್ ಸಾಫ್ಟ್‌ವೇರನ್ನು ಅದರಲ್ಲಿ ತುಂಬಿ, “ನಿನಗ ಕಂಪ್ಯೂಟರ ಇಲ್ಲಂತ ಅಳಬ್ಯಾಡ. ಇದ ಇತ್ತಂದ್ರ ಊರ ಮಂದಿ ಕಂಪ್ಯೂಟರೆಲ್ಲಾ ನಿಂದ,” ಎಂದು ಕೈಗಿಟ್ಟಿದ್ದಳು. ಅಂದಿನಿಂದ ರೇಷ್ಮಾ ಮುಂಜಾನೆ ಓಣಿಯ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು, ಮಧ್ಯಾಹ್ನ ಎಲ್ಲಿ ಕಂಪ್ಯೂಟರು ಖಾಲಿ ಕುಳಿತಿದೆಯೋ ಅಲ್ಲಿಗೆ ಹೋಗಿ ಪೆನ್‌ಡ್ರೈವ್ ಚುಚ್ಚುವುದು. ಕುಬಸ, ಜಾವಳ, ತೊಟ್ಟಿಲು, ಹೊಸ ಟ್ರ್ಯಾಕ್ಟರಿನ ಪೂಜೆ, ಮಂದಿ ಫೋನಿನಲ್ಲಿ ತೆಗೆದುಕೊಂಡು ಬಂದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ ಕೊಡುತ್ತಿದ್ದಳು. ರಬಕವಿಯ ಸೀರೆ ಅಂಗಡಿಯಲ್ಲಿ ಒಂದು ದಿನ, ತೇರದಾಳದ ಅತ್ತೆಯ ಮನೆಯಲ್ಲಿ ಒಂದು ದಿನ, ಹೆಚ್ಚಾಗಿ ಮುರಗೆಪ್ಪನಲ್ಲಿ. ಎಲ್ಲವೂ ಸಣ್ಣ ಕೆಲಸ. ಕುಳಿತಲ್ಲೇ ಶುರು, ಎದ್ದೇಳುವುದರೊಳಗೆ ಮುಕ್ತಾಯ.

ಮನೆಯಲ್ಲಿ ಆ ಪೆನ್‌ಡ್ರೈವಿಗೆ ‘ಕಡ್ಡಿ’ ಎಂದೇ ಹೆಸರು. ಅವಳ ಆಯಿ ಸಾತವ್ವ, ಅಂದರೆ ಅಪ್ಪನ ತಾಯಿ, ಅದಕ್ಕೊಂದು ಕರಿ ದಾರ ಪೋಣಿಸಿ ಮೊಮ್ಮಗಳ ಕೊರಳಿಗೆ ಕಟ್ಟಿದ್ದಳು. ಅಷ್ಟಕ್ಕೇ ಬಿಟ್ಟಳೇ? ಬೀರದೇವರ ಗುಡಿಯಿಂದ ತಂದ ಭಂಡಾರದಿಂದ ದಿನಾ ಮುಂಜಾನೆ ಮೊಮ್ಮಗಳ ಹಣೆಗೊಂದು ಬೊಟ್ಟು, ಕಡ್ಡಿಗೊಂದು ಬೊಟ್ಟು.

“ಆಯಿ, ಇದರ ಬಾಯಾಗ ಅರಿಷಿಣಾ ಹೊಕ್ಕರ ಓಡೂದಿಲ್ಲ ಬೇ!”

“ಬೀರಪ್ಪನ ಭಂಡಾರದಿಂದ ಕೆಟ್ಟದ್ದು ಏನೈತಿ, ಒಂದರೆ ತೋರಸ ನೋಡೂಣು.”

ರೇಷ್ಮಾ ಓಣಿ ದಾಟಿದ ಮೇಲೆ ದುಪಟ್ಟಾದ ತುದಿಯಿಂದ ಕಡ್ಡಿಯ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಇನ್ನು ಸಾತವ್ವನ ಗಂಡ ಧರೆಪ್ಪ. ರೇಷ್ಮಾಳಿಗೆ ಮುತ್ಯಾ. ಡೊಳ್ಳಿನ ಪದದ ಧರೆಪ್ಪ ಎಂದರೆ ಮುಧೋಳ, ಬೀಳಗಿ, ಜಮಖಂಡಿ ಕಡೆಯ ಹಾಲುಮತದ ಕುರುಬರಲ್ಲಿ ಗೊತ್ತಿಲ್ಲದವರು ಕಡಿಮೆ. ಡೊಳ್ಳು ಶುರುವಾಗಿ, ಅವನು ಕಿವಿಯ ಮೇಲೆ ಕೈ ಇಟ್ಟು ದನಿ ಎತ್ತಿದನೆಂದರೆ ಉಣ್ಣುತ್ತಿದ್ದವರು ತುತ್ತು ಕೈಯಲ್ಲೇ ಹಿಡಿದು ಎದ್ದು ಬರುತ್ತಿದ್ದರು. ಅವನ ಗುರು ಕಲಿಸಿದ ಒಂದು ಉದ್ದನೆಯ ಪದವಿತ್ತು, ಬೀರಣ್ಣ ಕುರಿ ಕಟ್ಟಿಕೊಂಡು ಬರುವ ಪದ. ಅದು ಪೂರ್ತಿ ಬರುತ್ತಿದ್ದುದು ಈಗ ಅವನೊಬ್ಬನಿಗೇ. ಹಿಮ್ಮೇಳದವರಿಗೆ ಪಲ್ಲವಿ ಬರುತ್ತಿತ್ತು, ನುಡಿ ಬರುತ್ತಿರಲಿಲ್ಲ.

ಆ ಕೊರಳಿನಲ್ಲಿ ಗಂಟು ಎದ್ದಿತು. ಮೊದಲು ದನಿ ಒಡೆಯಿತು, ಆಮೇಲೆ ನುಂಗುವುದು ಕಷ್ಟವಾಯಿತು. ಮಿರಜಿನ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಬಿಚ್ಚಿ ಹೇಳಿದರು. ಧರೆಪ್ಪ ಅಲ್ಲಿ ಗಂಡಸಿನಂತೆ, “ಆತ್ರಿ, ತಗದ ಒಗೀರಿ,” ಅಂದು ಬಂದ. ಮನೆಗೆ ಬಂದವನು ಹಗ್ಗದ ಹೊರಸಿನ ಮೇಲೆ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿದ.

ಈ ಮುತ್ಯಾನ ಹೆಗಲ ಮೇಲೆ ಕುಳಿತು ರೇಷ್ಮಾ ಡೊಳ್ಳು ಕೇಳುತ್ತ ಬೆಳೆದವಳು. ಹೊರಸಿನ ಹತ್ತಿರ ಹೋಗಿ ಕೂತಳು.

“ಮುತ್ಯಾ, ಮಿರಜಿಗೆ ಹೋಗೂದರಾಗ ಆ ಪದಾ ಒಮ್ಮಿ ಪೂರ್ತಿ ಹಾಡತೀಯೇನ? ನಾ ವಿಡಿಯೋ ಮಾಡತೇನಿ.”

“ಒಡದ ಮಡಕಿಗಿ ಸುಣ್ಣಾ ಬಳ್ಯಾಕ ಹೊಂಟಿಯೇನ ಬೇ?”

“ಒಡದದ್ದರ ಇರಲಿ, ನಿಂದ ಬೇಕ ನನಗ.”

ಧರೆಪ್ಪ ಕಂಬಳಿ ಸರಿಸಿ, ಹೊರಸಿನಿಂದ ಕಾಲು ಇಳಿಬಿಟ್ಟು, “ಭೀಮಶಿಗೆ ಡೊಳ್ಳ ಬಿಗಿ ಅಂತ ಹೇಳ,” ಅಂದ. ಭೀಮಶಿ ಅವನ ಕಿರಿಮಗ, ರೇಷ್ಮಾಳ ಕಾಕಾ. ಹೇಳುವುದೇ ತಡ, ಡೊಳ್ಳು ಬಂತು.

ಹಾಡಿದ್ದು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ. ದನಿ ಒಡೆದಿತ್ತು, ಖರೆ. ಆದರೆ ‘ಕರಿಯ ಕಂಬಳಿ ಹೊತ್ತು ಕಣವಿಯ ಇಳಿದಾನ, ಕುರಿಯ ಮುಂದಿಟಗೊಂಡು ಬೀರಣ್ಣ ಬಂದಾನ’ ಎಂದು ಎತ್ತಿಕೊಂಡಾಗ ಭೀಮಶಿಯ ಡೊಳ್ಳು ಒಂದು ಪೆಟ್ಟು ತಪ್ಪಿತು. ಧರೆಪ್ಪ ನಡುನಡುವೆ ಕೆಮ್ಮಿದ, ಉಗುಳಿದ, ಭೀಮಶಿಗೆ ಬೈದ. ಅರ್ಧ ಪದದಲ್ಲಿ ಹಾಡು ನಿಲ್ಲಿಸಿ ಮನೆಯತ್ತ ತಿರುಗಿ, “ಸಾತೂ! ಎಲ್ಲಿ ಸತ್ತೀ? ಚಾ ತಾ ಬೇ!” ಎಂದು ಕೂಗಿದ. ಒಳಗಿನಿಂದ ಸಾತವ್ವ, “ತಂದ್ನಿ, ಬಾಯಿ ಮುಚಗೊಂಡ ಹಾಡ್ರಿ!” ಅಂದಳು. ಬಾಯಿ ಮುಚ್ಚಿಕೊಂಡು ಹೇಗೆ ಹಾಡುವುದು ಎಂದು ಎಲ್ಲರೂ ನಕ್ಕರು. ಅದೆಲ್ಲವೂ ಫೋನಿನಲ್ಲಿ ಇಳಿಯಿತು.

ಮರುದಿನ ರೇಷ್ಮಾ ಆ ವಿಡಿಯೋಗಳನ್ನು ಮುರಗೆಪ್ಪನ ಕಂಪ್ಯೂಟರಿನ ಪರದೆಯ ಮೇಲೆ ಇಳಿಸಿಕೊಂಡು, ಅಲ್ಲಿಂದ ತನ್ನ ಸಾಫ್ಟ್‌ವೇರಿಗೆ ಎಳೆದುಕೊಂಡಳು. ದೊಡ್ಡ ಕೆಲಸ. ದಿನಗಟ್ಟಲೆ ಹಿಡಿಯುವಂಥದ್ದು. ಮುರಗೆಪ್ಪನ ಹಳೇ ಕಂಪ್ಯೂಟರಿಗೆ ಅಷ್ಟು ಭಾರದ ವಿಡಿಯೋ ಎಳೆಯಲಿಕ್ಕಾಗದೆ ಮುತ್ಯಾನ ಹಾಡು ತೊದಲತೊಡಗಿತು. ಮಧುಮತಿಗೆ ಫೋನು ಹಚ್ಚಿದರೆ ಅವಳು, “ಸೆಟ್ಟಿಂಗಿನಾಗ ಒಂದ ಟಿಕ್ ಐತಿ, ಅದನ್ನ ಹಾಕ. ಹಗರ ಓಡತೈತಿ,” ಅಂದು ಎಲ್ಲಿ ಒತ್ತಬೇಕೆಂದು ಹೇಳಿದಳು. ಒತ್ತಿದ್ದೇ ತಡ, ಕಡ್ಡಿಯ ದೀಪ ಮಿಣಮಿಣ ಅನ್ನತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮುಟ್ಟಿದರೆ ಬಿಸಿ.

“ನಿನ್ನ ಕಡ್ಡಿಗಿ ಜ್ವರಾ ಬಂದಾವ ನೋಡ,” ಎಂದು ಮುರಗೆಪ್ಪ ಗಾಬರಿಯಾದ. ಆಮೇಲೆ ದೀಪ ಶಾಂತವಾಯಿತು, ಹಾಡು ಸರಾಗ ಓಡಿತು, ಇಬ್ಬರೂ ಆ ಸಂಗತಿ ಮರೆತರು.

ರೇಷ್ಮಾ ಮಧ್ಯಾಹ್ನಗಳೆಲ್ಲ ಕುಳಿತು ಕೆಮ್ಮು ತೆಗೆದಳು, ಉಗುಳಿದ್ದು ತೆಗೆದಳು, ಭೀಮಶಿ ಕಾಕಾ ಬೈಸಿಕೊಂಡದ್ದು ತೆಗೆದಳು, ಚಹಾದ ಕೂಗನ್ನಂತೂ ಎಲ್ಲಕ್ಕಿಂತ ಮೊದಲು ತೆಗೆದಳು. ನಾಳೆ ಊರ ಮಂದಿಯೆಲ್ಲ ನೋಡುವಂಥದ್ದು, ಅಚ್ಚುಕಟ್ಟಾಗಿರಬೇಕಲ್ಲ. ಪ್ರತಿಸಲ ಏಳುವ ಮುಂದೆ ಸೇವ್ ಒತ್ತಿ ಕಡ್ಡಿ ಕಿತ್ತು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಮುತ್ಯಾನ ಹಾಡು ತನ್ನ ಎದೆಯ ಮೇಲೆ ಇದೆ ಎಂದು ಅವಳಿಗೆ ಧೈರ್ಯ.

ಮಿರಜಿಗೆ ಹೊರಡುವ ದಿನ ಬಂತು. ಫೋನಿನಲ್ಲಿ ಜಾಗವಿಲ್ಲ, ಅಲ್ಲಿ ರಿಪೋರ್ಟಿನ ಫೋಟೋ ತೆಗೆಯಬೇಕು, ಮನೆಯವರಿಗೆ ವಿಡಿಯೋ ಕಾಲ್ ಮಾಡಬೇಕು. ಕಡ್ಡಿಯಲ್ಲಿ ಹೇಗೂ ಇದೆಯಲ್ಲ ಎಂದು ರೇಷ್ಮಾ ಫೋನಿನ ವಿಡಿಯೋಗಳನ್ನೆಲ್ಲ ಅಳಿಸಿಬಿಟ್ಟಳು.

ಆಪರೇಶನ್ನು ಸುಸೂತ್ರ ಆಯಿತು. ಧರೆಪ್ಪ ಕೊರಳಿನಲ್ಲಿ ತೂತು, ಅದಕ್ಕೊಂದು ಸಣ್ಣ ನಳಿಗೆ ಹಾಕಿಸಿಕೊಂಡು ಮನೆಗೆ ಬಂದಾಗ ಮಣ್ಣೆತ್ತಿನ ಅಮಾವಾಸ್ಯೆ ಮುಂದಿತ್ತು. ತೆಳ್ಳಗಿನದನ್ನು ಬಾಯಿಂದ ಕುಡಿಯಲು ಡಾಕ್ಟರು ಅಪ್ಪಣೆ ಕೊಟ್ಟಿದ್ದರು. ಹೊರಸಿನ ಮೇಲೆ ಕೂತು, ತುಟಿ ಆಡಿಸಿದರೆ ಬರೀ ಗಾಳಿ. ಅಕ್ಷರ ಬಾರದವನು, ಬರೆದು ಹೇಳುವಂತೆಯೂ ಇಲ್ಲ. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದ. ಸಾತವ್ವ ಓಡಿ ಬಂದು, ನೀರೋ, ಹಾಲೋ, ದಿಂಬೋ ಎಂದು ಒಂದೊಂದೇ ಕೇಳುತ್ತಿದ್ದಳು. ಹಗಲೆಲ್ಲ ಗಂಡನ ಬೈಗುಳ ಕೇಳಿ ಅಡಿಗೆ ಮಾಡಿದ ಹೆಂಗಸು. ಈಗ ಮನೆಯಲ್ಲಿ ಚಪ್ಪಾಳೆಯೊಂದೇ ಸಪ್ಪಳ. ಅವಳು ಸುಮ್ಮಸುಮ್ಮನೆ ಪಾತ್ರೆ ಕುಕ್ಕತೊಡಗಿದಳು.

ಅವತ್ತು ಧರೆಪ್ಪ ಮೊಮ್ಮಗಳನ್ನು ಹತ್ತಿರ ಕರೆದು ತನ್ನ ಕೊರಳನ್ನು ಮುಟ್ಟಿ, ಆಮೇಲೆ ಅವಳ ಕೊರಳಿನ ಕಡ್ಡಿಯನ್ನು ಮುಟ್ಟಿ, ಕೈ ತಿರುವಿ ‘ಎಲ್ಲಿಗೆ ಬಂತು?’ ಎಂದು ಕೇಳಿದ.

“ಒಂದ ದಿನದ್ದ ಕೆಲಸಾ ಐತಿ ಮುತ್ಯಾ. ಅಮಾಸಿ ಮುಗಿದ ಮರುದಿನಾನ ತೋರಸತೇನಿ.”

ಮುರಗೆಪ್ಪನ ಅಮಾವಾಸ್ಯೆಯ ಬಗ್ಗೆ ಹೇಳದಿದ್ದರೆ ಕತೆ ಮುಂದೆ ಸಾಗುವುದಿಲ್ಲ. ಬನಹಟ್ಟಿಯಲ್ಲಿ ಮಗ್ಗದವರು ಮಗ್ಗ ಒರೆಸಿ ಪೂಜೆ ಮಾಡುತ್ತಾರೆ, ಗಾಡಿಯವರು ಗಾಡಿ ತೊಳೆದು ನಿಂಬೆಹಣ್ಣು ಕಟ್ಟುತ್ತಾರೆ. ಮುರಗೆಪ್ಪನೂ ಹಾಗೆಯೇ. ಅಮಾವಾಸ್ಯೆ ಬಂತೆಂದರೆ ಅಂಗಡಿ ಗುಡಿಸಿ, ಝೆರಾಕ್ಸ್ ಮಶಿನ್ನಿನ ಹೊಟ್ಟೆ ಬಿಚ್ಚಿ ಧೂಳು ಊದಿ, ಕೊನೆಗೆ ಕಂಪ್ಯೂಟರು. ಹೊರಗಿನ ಕಸದಂತೆ ಒಳಗಿನ ಕಸವೂ ಹೋಗಬೇಕು ಎಂಬುದು ಅವನ ಮಡಿ. ಗಿರಾಕಿಗಳು ಬಿಟ್ಟುಹೋದ ಆಧಾರ್ ಕಾರ್ಡು, ಅರ್ಜಿ, ಫೋಟೋ, ವಿಡಿಯೋ ಪರದೆಯ ಮೇಲೆ ಏನಿದ್ದರೂ ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿ, ಮೇಲೆ ಸ್ವಚ್ಛ ಮಾಡುವ ಇನ್ನೊಂದು ಸಾಫ್ಟ್‌ವೇರನ್ನೂ ಓಡಿಸಿ, ಆಮೇಲೆಯೇ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಮೋಸಗಾರನಲ್ಲ. ಹಿಂದಿನ ದಿನ ಎಲ್ಲರಿಗೂ ಫೋನು ಮಾಡಿ ಹೇಳುತ್ತಿದ್ದ. ರೇಷ್ಮಾಳಿಗೂ ಮಾಡಿದ್ದ.

“ನಾಳೆ ಅಮಾಸಿ ತಂಗಿ. ನಿಂದೇನರ ಇದ್ರ ತಕ್ಕೊಂಡ ಹೋಗ.”

“ನಂದೇನೂ ಇಲ್ರಿ ಕಾಕಾ. ಎಲ್ಲಾ ಕಡ್ಡ್ಯಾಗ ಐತಿ.”

ನೋಡಿ, ಆಡಿದ ಮಾತು ಹೀಗೆ ಎದುರಿಗೆ ಬಂದು ನಿಲ್ಲುತ್ತದೆ.

ಅಮಾವಾಸ್ಯೆಯ ಮರುದಿನ ಅವಳು ಅಂಗಡಿಗೆ ಹೋದಾಗ ಕಂಪ್ಯೂಟರು ಮದುಮಗಳಂತೆ ಕುಳಿತಿತ್ತು. ಸಿಪಿಯುವಿನ ಹಣೆಗೆ ಕುಂಕುಮ, ನೆತ್ತಿಯ ಮೇಲೆ ಮಣ್ಣಿನ ಎತ್ತಿನ ಜೋಡಿ, ಮಾನಿಟರಿಗೆ ಸೇವಂತಿಗೆ ಮಾಲೆ. ರೇಷ್ಮಾ ಕಡ್ಡಿ ಚುಚ್ಚಿ ತನ್ನ ಕೆಲಸ ತೆರೆದಳು. ಮುತ್ಯಾ ಇರಬೇಕಾದ ಜಾಗದಲ್ಲೆಲ್ಲ ಕೆಂಪು ಚೌಕಗಳು. ‘ಫೈಲು ಸಿಗುತ್ತಿಲ್ಲ’ ಎಂದು ಸಾಫ್ಟ್‌ವೇರ್ ಹೇಳಿತು. ಮುಚ್ಚಿ ತೆರೆದಳು. ಸಿಗುತ್ತಿಲ್ಲ. ಕಡ್ಡಿ ಕಿತ್ತು, ಭಂಡಾರ ಒರೆಸಿ, ಮತ್ತೆ ಚುಚ್ಚಿದಳು. ಸಿಗುತ್ತಿಲ್ಲ.

“ಕಾಕಾ, ಪರದೇ ಮ್ಯಾಲ ಮುತ್ಯಾನ ವಿಡಿಯೋ ಇದ್ದುವಲ್ರಿ…”

“ಯಾವ? ನಂದೇನೂ ಇಲ್ಲ ಅಂದಿದ್ದಿಯಲಾ?”

ಆಗ ತಿಳಿಯಿತು ಅವಳಿಗೆ. ಸೇವ್ ಒತ್ತಿದಾಗಲೆಲ್ಲ ಕಡ್ಡಿಯೊಳಗೆ ಇಳಿಯುತ್ತಿದ್ದುದು ಹಾಡಲ್ಲ. ಯಾವುದನ್ನು ಎಲ್ಲಿ ಕತ್ತರಿಸಬೇಕು, ಯಾವುದರ ಹಿಂದೆ ಯಾವುದು ಎಂಬ ಕ್ರಮ ಮಾತ್ರ. ಹಾಡು ಇದ್ದದ್ದು ಮುರಗೆಪ್ಪನ ಪರದೆಯ ಮೇಲೆಯೇ. ರೊಟ್ಟಿ ಕಟ್ಟಿಕೊಂಡು ಹೋಗಿ, ಪಲ್ಯ ಕಟ್ಟೆಯ ಮೇಲೆ ಬಿಟ್ಟು ಬಂದಿದ್ದಳು. ಮುರಗೆಪ್ಪ ಕಟ್ಟೆ ಒರೆಸಿದ್ದ. ಫೋನಿನದನ್ನು ತಾನೇ ಅಳಿಸಿದ್ದಳು. ಮುತ್ಯಾನ ಕೊರಳಿನದನ್ನು ಡಾಕ್ಟರು ತೆಗೆದಿದ್ದರು. ಇನ್ನು ಈ ಲೋಕದಲ್ಲಿ ಎಲ್ಲಿಯೂ ಆ ದನಿ ಇಲ್ಲ.

ರೇಷ್ಮಾ ಕುರ್ಚಿಯ ಮೇಲೆಯೇ ಕುಸಿದು ಹೋ ಎಂದು ಅತ್ತಳು. ಮುರಗೆಪ್ಪನೂ ಧರೆಪ್ಪನ ಪದ ಕೇಳಿ ಬೆಳೆದವನೇ. “ಎಪ್ಪಾ ಶಿವನ! ಧರೆಪ್ಪಣ್ಣನ ಧ್ವನಿ ನನ್ನ ಕೈಲೆ ಅಳಿಸಿದ್ನೇನ?” ಎಂದು ಹಣೆ ಚಚ್ಚಿಕೊಂಡ. ಬುಟ್ಟಿಯೊಳಗೆ ಹುಡುಕಿದ, ಅದನ್ನು ತಾನೇ ಖಾಲಿ ಮಾಡಿದ್ದ. ಆಮೇಲೆ ಎದ್ದು ಶಟರ್ ಎಳೆಯತೊಡಗಿದ. ನಡುಹಗಲಿನಲ್ಲಿ ಆ ಅಂಗಡಿ ಮುಚ್ಚಿದ್ದನ್ನು ಓಣಿ ಕಂಡಿರಲಿಲ್ಲ.

“ಏಳ ತಂಗಿ. ಜಮಖಂಡ್ಯಾಗ ನಿನ್ನ ಗೆಳತಿ ಅದಾಳಲ್ಲ, ಅಕೀ ಕಡೆ ಹೋಗೂಣು. ಅಳಿಸಿದ್ದ ಸುದ್ದಾ ತಗಿಯೂ ವಿದ್ಯಾ ಇರತೈತಂತ ಕೇಳೇನಿ.”

ಸಿಪಿಯುವನ್ನು ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮುರಗೆಪ್ಪ ಜಮಖಂಡಿ ಬಸ್ಸಿನಲ್ಲಿ ಕುಳಿತ. ಕುಂಕುಮ ಹಾಗೆಯೇ ಇತ್ತು. ಕಂಡಕ್ಟರು ಬಂದು ಮೂವರನ್ನೂ ನೋಡಿ, “ತಂಗಿಗೆ ಫ್ರೀ, ನಿಮಗ ಟಿಕೇಟು, ಈ ಗೌರಮ್ಮಗ ಲಗೇಜ್ರಿ,” ಅಂದ. ಬೇರೆ ದಿನವಾಗಿದ್ದರೆ ಮುರಗೆಪ್ಪ ಜಗಳ ತೆಗೆಯುತ್ತಿದ್ದ. ಅವತ್ತು ಬಾಯಿ ಬಿಡದೆ ಕೊಟ್ಟ. ರೇಷ್ಮಾ ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ, ಮನೆಗೆ ಹೋಗಿ ಮುತ್ಯಾನ ಮುಂದೆ ಯಾವ ಬಾಯಿಯಿಂದ ಹೇಳಲಿ ಎಂದು ಯೋಚಿಸುತ್ತಿದ್ದಳು. ಬೈಯುತ್ತಾನೆ ಎಂಬ ಹೆದರಿಕೆಯಲ್ಲ. ಬೈಯಲಾರನಲ್ಲ, ಅದಕ್ಕೇ ಎದೆ ಒಡೆಯುತ್ತಿತ್ತು.

ಮಧುಮತಿ ಸ್ಟುಡಿಯೋದಲ್ಲಿ ಸಿಪಿಯುವಿಗೆ ವೈರು ಜೋಡಿಸಿ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿದಳು. ಫೈಲಿನ ಹೆಸರುಗಳು ಬಂದವು. ಮುರಗೆಪ್ಪ “ಬಂದೂ, ಬಂದೂ!” ಎಂದು ಎದ್ದು ನಿಂತ. ಒತ್ತಿದರೆ ಒಂದೂ ತೆರೆಯಲಿಲ್ಲ. ಹೆಸರು ಉಳಿದಿತ್ತು, ಒಳಗೆ ಏನೂ ಇರಲಿಲ್ಲ.

“ನೀವು ಭಾಳ ಛಲೋತ್ನಂಗ ಕಸಾ ಹೊಡದೀರಿ ಕಾಕಾ,” ಅಂದಳು ಮಧುಮತಿ. ಮುರಗೆಪ್ಪ ಮತ್ತೆ ಕುಳಿತ. ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೋ ಕೇಳಿಕೊಂಡು ಬಂದವರನ್ನು ಮಧುಮತಿ ಕೈ ಸನ್ನೆಯಲ್ಲೇ ಆಮೇಲೆ ಬನ್ನಿ ಎಂದು ಕಳಿಸಿದಳು.

“ಎಲ್ಲಿ, ಆ ಕಡ್ಡಿ ಕೊಡ,” ಅಂದಳು ಸ್ವಲ್ಪ ಹೊತ್ತಿನ ಮೇಲೆ.

“ಅದರಾಗ ಏನೂ ಇಲ್ಲ ಲೇ. ಸಾಫ್ಟ್‌ವೇರ್ ಅಷ್ಟ.”

“ಕೊಡ ಅಂದ್ರ ಕೊಡ.”

ರೇಷ್ಮಾ ಕೊರಳಿನಿಂದ ದಾರ ತೆಗೆದು ಕೊಟ್ಟಳು. ಮಧುಮತಿ ಅದನ್ನು ಚುಚ್ಚುವ ಮುಂದೆ ಬೆರಳು ನೋಡಿಕೊಂಡು, “ಏನಿದು ಹಳದಿ?” ಅಂದಳು. “ಆಯಿ,” ಅಂದಳು ರೇಷ್ಮಾ. ಅಷ್ಟು ಸಾಕಾಯಿತು.

ಪೆನ್‌ಡ್ರೈವ್ ತೆರೆಯಿತು. ಮಧುಮತಿ ಅದನ್ನು ದಿಟ್ಟಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

“ಲೇ, ನಾ ಕೊಟ್ಟಾಗ ಈ ಸಾಫ್ಟ್‌ವೇರ್ ಸಣ್ಣದಿತ್ತಲ್ಲ. ಈಗ ಕಡ್ಡಿ ತುಂಬಿ ತುಳಕಾಕತ್ತೈತಿ. ಏನ ತಿನ್ನಿಸಿದಿ ಇದಕ್ಕ?”

“ಏನೂ ಇಲ್ಲ…”

“ತಡಿ ತಡಿ. ನಾ ಫೋನಿನಾಗ ಒಂದ ಟಿಕ್ ಹಾಕಂತ ಹೇಳಿದ್ದೆ. ಹಾಕಿದ್ದೇನ?”

“ಹಾಕಿದ್ದೆ. ದೀಪ ಮಿಣಮಿಣ ಅಂದು ಕಡ್ಡಿ ಬಿಸಿ ಆಗಿತ್ತು.”

“ಜ್ವರಾ ಬಂದಿತ್ರಿ,” ಎಂದು ಮುರಗೆಪ್ಪನೂ ಸಾಕ್ಷಿ ಹೇಳಿದ.

ಮಧುಮತಿ ಕುರ್ಚಿಯ ಅಂಚಿಗೆ ಬಂದಳು. ಸಾಫ್ಟ್‌ವೇರಿನ ಫೋಲ್ಡರಿನೊಳಗೆ ಹೊಕ್ಕು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ತೆರೆದಳು. ಅಲ್ಲಿ ಸಾಲಾಗಿ ಫೈಲುಗಳು ಮಲಗಿದ್ದವು. ಹೆಸರೆಂಬುದು ಹೆಸರಲ್ಲ, ಅಕ್ಷರ ಅಂಕಿ ಕಲಸಿ ಎರಚಿದಂತೆ. ಅವಳು ಮೊದಲನೆಯದನ್ನು ಒತ್ತಿದಳು.

ಬೇವಿನ ಗಿಡ ಕಂಡಿತು. ಡೊಳ್ಳು ಗುಡುಗಿತು. ಸ್ವಲ್ಪ ಮಸುಕಾಗಿ, ಆದರೆ ಮುತ್ಯಾನೇ ಹೌದು, ಕಿವಿಯ ಮೇಲೆ ಕೈ ಇಟ್ಟು ದನಿ ಎತ್ತಿದ: ‘ಕರಿಯ ಕಂಬಳಿ ಹೊತ್ತು…’

ರೇಷ್ಮಾ ಚೀರಿದ್ದು ಬೀದಿಗೆ ಕೇಳಿತು. ಮುರಗೆಪ್ಪ ಎರಡೂ ಕೈ ಎತ್ತಿ ಪರದೆಗೆ ಮುಗಿದ. ಮಧುಮತಿಯ ಕಣ್ಣಲ್ಲೂ ನೀರು, ಬಾಯಲ್ಲಿ ಮಾತ್ರ ಬೈಗುಳ.

“ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡಿಕ್ಯಾರ ನೋಡ, ಹುಚ್ಚರು! ದೊಡ್ಡ ವಿಡಿಯೋ ಎಳ್ಯಾಕ ಆಗದಿದ್ರ ಸಾಫ್ಟ್‌ವೇರ್ ಅದರ ಪೂರ್ತಿ ಸಣ್ಣ ನಕಲ ಮಾಡಿ ಇಟಗೋತೈತಿ. ಬ್ಯಾರೆ ಸಾಫ್ಟ್‌ವೇರ್ ಆಗಿದ್ರ ಕಂಪ್ಯೂಟರಿನಾಗ ಇಡತಿತ್ತು, ಈ ಕಾಕಾ ಅದನ್ನೂ ಗುಡಿಸಿರತಿದ್ರು. ಇದು ಕಡ್ಡ್ಯಾಗಿಂದ ಓಡೂದಲ್ಲ, ತಂದೆಲ್ಲಾ ತನ್ನ ಹೊಟ್ಟ್ಯಾಗ ಇಟಗೊಂಡೈತಿ. ಚಿತ್ರ ಒಂಚೂರು ಮಬ್ಬ, ಧ್ವನಿಗಿ ಏನೂ ಆಗಿಲ್ಲ.”

ರೇಷ್ಮಾ ಅವಳನ್ನು ತಬ್ಬಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಮುರಗೆಪ್ಪ ಹೊರಗೆ ಹೋಗಿ ಪೇಢೆ ತಂದ. ಮೊದಲನೆಯದನ್ನು ಕಡ್ಡಿಯ ಮುಂದೆ ಇಟ್ಟ, ಆಮೇಲೆ ಮಂದಿಗೆ ಹಂಚಿದ. ಮಧುಮತಿ ಆ ನಕಲುಗಳನ್ನು ಸ್ಟುಡಿಯೋದ ಕಂಪ್ಯೂಟರಿಗೆ ಒಂದು ಸಲ, ರೇಷ್ಮಾಳ ಫೋನಿಗೆ ಒಂದು ಸಲ, ಹೊಸದೊಂದು ಪೆನ್‌ಡ್ರೈವಿಗೆ ಒಂದು ಸಲ ಇಳಿಸಿದಳು. “ನನ್ನ ಫೋನಿಗೂ ಹಾಕವಾ,” ಎಂದು ಮುರಗೆಪ್ಪ ಫೋನು ಮುಂದೆ ಹಿಡಿದ.

“ಈಗ ಕುಂತ ನಿನ್ನ ಎಡಿಟಿಂಗ್ ಜೋಡಿಸಿ ಮುಗಿಸಿ ಬಿಡೂಣೇನ?” ಎಂದು ಮಧುಮತಿ ಕೇಳಿದಳು.

“ಅದು ನಾಳೆ. ಮುತ್ಯಾ ಹಾದಿ ಕಾಯಾಕತ್ತಾನ. ಕೆಮ್ಮು ಗಿಮ್ಮು ಇದ್ರ ಇರಲಿ, ಮೊದಲ ಅಂವಾ ಕೇಳಲಿ.”

ಮನೆ ಮುಟ್ಟಿದಾಗ ಸೂರ್ಯ ಇನ್ನೂ ಇಳಿದಿರಲಿಲ್ಲ. ಮುರಗೆಪ್ಪ ಸಿಪಿಯು ಸಮೇತ ಅವಳ ಹಿಂದೆಯೇ ಬಂದು, ಅದನ್ನು ಕಟ್ಟೆಯ ಮೇಲೆ ಇಳಿಸಿ, ಧರೆಪ್ಪನ ಕಾಲಿಗೆ ಬೀಳಲು ಬಗ್ಗಿದ. ಧರೆಪ್ಪ ಏನೂ ಅರ್ಥವಾಗದೆ ಕಾಲು ಹಿಂದಕ್ಕೆ ಎಳೆದುಕೊಂಡ. “ಆಮ್ಯಾಲ ಹೇಳತೇವ ಮುತ್ಯಾ, ಮೊದಲ ಇದನ್ನ ನೋಡ,” ಎಂದು ರೇಷ್ಮಾ ಕಡ್ಡಿಯನ್ನು ಟಿವಿಯ ಬೆನ್ನಿಗೆ ಚುಚ್ಚಿದಳು. ಭೀಮಶಿ ಕಾಕಾ ಬಂದು ನಿಂತ. ಸಾತವ್ವ ಮಾತ್ರ ಒಳಗೆ ರೊಟ್ಟಿ ಬಡಿಯುತ್ತಿದ್ದಳು. “ಹಿಟ್ಟ ಕಲಸೇನಿ, ನೀವ ನೋಡ್ರಿ, ನಾ ಇಲ್ಲಿಂದನ ಕೇಳತೇನಿ,” ಅಂದಳು. ಬರಲು ಅವಳಿಗೆ ಧೈರ್ಯವಿರಲಿಲ್ಲ, ಅಷ್ಟೇ.

ಟಿವಿಯಲ್ಲಿ ಬೇವಿನ ಗಿಡ, ಡೊಳ್ಳು, ಆಮೇ‌ಲೆ ಆ ದನಿ. ಹೊರಸಿನ ಮೇಲಿನ ಧರೆಪ್ಪ ಅಲುಗಾಡದೆ ತನ್ನನ್ನೇ ನೋಡಿದ. ಕೈ ತಾನಾಗಿ ಎದ್ದು ಕಿವಿಗೆ ಹೋಯಿತು. ತುಟಿ ಆಡತೊಡಗಿತು. ಒಳಗಿನ ಧರೆಪ್ಪ ಹಾಡುತ್ತಿದ್ದ, ಹೊರಗಿನ ಧರೆಪ್ಪ ತುಟಿ ಕೂಡಿಸುತ್ತಿದ್ದ, ಒಂದು ನುಡಿಯೂ ಹಿಂದೆ ಮುಂದೆ ಆಗಲಿಲ್ಲ. ಭೀಮಶಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು, ಮತ್ತೆ ಶುರುವಾಯಿತು.

ಅರ್ಧ ಪದಕ್ಕೆ ಟಿವಿಯೊಳಗಿನ ಧರೆಪ್ಪ ಹಾಡು ನಿಲ್ಲಿಸಿ ಮನೆಯ ಕಡೆ ತಿರುಗಿದ.

“ಸಾತೂ! ಎಲ್ಲಿ ಸತ್ತೀ? ಚಾ ತಾ ಬೇ!”

“ತಂದ್ನಿ, ತಂದ್ನಿ! ಒಂದ ಗಳಿಗಿ ತಡಕೊಳ್ಳೂದಿಲ್ಲ ನಿಮಗ!” ಎನ್ನುತ್ತ ಸಾತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಪಡಸಾಲೆಯ ಬಾಗಿಲಲ್ಲಿ ನಿಂತಳು. ಹೊರಸನ್ನು ನೋಡಿದಳು. ಟಿವಿಯನ್ನು ನೋಡಿದಳು. ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು.

ರೇಷ್ಮಾ ಹೆದರಿ ರಿಮೋಟು ಒತ್ತಿ ನಿಲ್ಲಿಸಿದಳು. ಹೊರಸಿನ ಮೇಲೆ ಧರೆಪ್ಪನ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡಳು. ಅಲ್ಲ, ನಗುತ್ತಿದ್ದ. ಕೊರಳಿನ ನಳಿಗೆಯಿಂದ ಪುಸ್ ಪುಸ್ ಎಂದು ಗಾಳಿ ಬರುತ್ತಿತ್ತು, ಕಣ್ಣಿನಿಂದ ನೀರು. ಹೆಂಡತಿಯತ್ತ ಬೆರಳು ತೋರಿಸಿ, ಸಿಕ್ಕಿಬಿದ್ದೆ ನೋಡು ಎಂಬಂತೆ ತಲೆ ಆಡಿಸಿದ. ಸಾತವ್ವ ಹೊಸ್ತಿಲ ಮೇಲೆ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎದೆಯಲ್ಲಿ ಗಟ್ಟಿಯಾಗಿ ಕುಳಿತಿದ್ದೆಲ್ಲ ಹೊರಗೆ ಬರುವವರೆಗೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮುಖಕ್ಕೆ ಹಿಟ್ಟು ಮೆತ್ತಿಕೊಂಡು, ಮೊಮ್ಮಗಳ ಕಡೆ ನೋಡಿದಳು.

“ರೇಷ್ಮಾ, ಇನ್ನೊಮ್ಮಿ ಹಚ್ಚ.”

“ಪದಾ ಮೊದಲಿಂದ ಹಚ್ಚಲೇನ ಆಯಿ?”

“ಪದಾ ಊರ ಮಂದಿ ಕೇಳಲಿ. ನನಗ ಬೈದದ್ದ ಹಚ್ಚ.”

ರೇಷ್ಮಾ ಎಲ್ಲಕ್ಕಿಂತ ಮೊದಲು ಕತ್ತರಿಸಿ ಒಗೆದದ್ದು ಅದನ್ನೇ. ಒಗೆದಲ್ಲಿಯೇ ಇರಲಿ ಎಂದು ಬೀರಪ್ಪ ಬಿಡಲಿಲ್ಲ. ಈಗ ಯಾರು ಏನೇ ಅಂದರೂ ಅದಕ್ಕೆ ಕತ್ತರಿ ಹಾಕುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯ ಮಾಡಿದಳು.

ವಿಡಿಯೋ ಹಿಂದಕ್ಕೆ ಸರಿಸುವಷ್ಟರಲ್ಲಿ ಸಾತವ್ವ ಎದ್ದು ಒಳಗೆ ಹೋಗಿದ್ದಳು. “ಎಲ್ಲಿ ಹೋದಿ ಆಯಿ? ಹಚ್ಚಾಕತ್ತೇನಿ,” ಎಂದು ರೇಷ್ಮಾ ಕರೆದಳು. “ಹಚ್ಚ ನೀ,” ಎಂದು ಒಳಗಿನಿಂದ ಉತ್ತರ ಬಂತು. ಒಲೆಯ ಮೇಲೆ ಏನೋ ಇಟ್ಟ ಸಪ್ಪಳ. ರೇಷ್ಮಾ ಸ್ವಲ್ಪ ತಡೆದು ಒತ್ತಿದಳು.

“ಸಾತೂ! ಎಲ್ಲಿ ಸತ್ತೀ? ಚಾ ತಾ ಬೇ!”

“ತಂದ್ನಿ,” ಅಂದಳು ಸಾತವ್ವ. ಈ ಸಲ ಅವಳ ಕೈಯಲ್ಲಿ ಕಪ್ಪೂ ಬಸಿಯೂ ಇದ್ದವು. ಚಹಾ ಬಸಿಗೆ ಸುರುವಿ, ಊದಿ ಆರಿಸಿ, ಹೊರಸಿನ ಹತ್ತಿರ ಬಂದು ಹಿಡಿದಳು. ಧರೆಪ್ಪ ಎರಡೂ ಕೈಯಿಂದ ಬಸಿ ಈಸಿಕೊಂಡು ಮೆಲ್ಲಗೆ ಕುಡಿದ.